ಬಿಡುವಿದ್ದವರ ಆಟ

1904ರಲ್ಲಿ ಬ್ರಿಟಿಷ್ ದ್ವೀಪಗಳ ರಗ್ಬಿ ತಂಡ ಹಡಗು ಹತ್ತಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೋಯಿತು. ನಾಯಕ ಡೇವಿಡ್ ಬೆಡೆಲ್-ಸಿವ್‌ರೈಟ್. ಎಡಿನ್‌ಬರೋದಲ್ಲಿ ಹುಟ್ಟಿ, ಅಲ್ಲಿನ ಫೆಟ್ಟಿಸ್ ಶಾಲೆಯಲ್ಲೂ ಕೇಂಬ್ರಿಜ್‌ನಲ್ಲೂ ಓದಿದವನು. ಆಗ ವಯಸ್ಸು 23. ಆಸ್ಟ್ರೇಲಿಯಾದಲ್ಲಿ ಆಡಿದ 14 ಪಂದ್ಯಗಳನ್ನೂ ತಂಡ ಗೆದ್ದಿತು. ನ್ಯೂಜಿಲೆಂಡಿನ ಮೊದಲ ಪಂದ್ಯದಲ್ಲೇ ನಾಯಕನ ಕಾಲು ಮುರಿಯಿತು. ತಂಡ ಊರಿಗೆ ಮರಳಿದರೂ ಆತ ಮರಳಲಿಲ್ಲ. ಆಸ್ಟ್ರೇಲಿಯಾದಲ್ಲೇ ನಿಂತು ಸುಮಾರು ಒಂದು ವರ್ಷ ದನಕುರಿ ಸಾಕಣೆಯಲ್ಲಿ ಕೈಯಾಡಿಸಿ, ಆಮೇಲೆ ಎಡಿನ್‌ಬರೋಗೆ ಬಂದು ವೈದ್ಯಕೀಯ ಓದಲು ಕುಳಿತ. 1905ರ ಆರಂಭದಲ್ಲಿ ವೇಲ್ಸ್, ಐರ್ಲೆಂಡ್, ಇಂಗ್ಲೆಂಡ್‌ಗಳ ವಿರುದ್ಧ ಸ್ಕಾಟ್ಲೆಂಡ್ ಆಡಿದ ಮೂರು ಪಂದ್ಯಗಳಲ್ಲೂ ಆತನ ಹೆಸರಿಲ್ಲ. ನವೆಂಬರ್‌ನಲ್ಲಿ ನ್ಯೂಜಿಲೆಂಡ್ ತಂಡ ಬಂದಾಗ ಮಾತ್ರ ಸ್ಕಾಟ್ಲೆಂಡಿನ ನಾಯಕನಾಗಿಯೇ ಮೈದಾನಕ್ಕಿಳಿದಿದ್ದಾನೆ. ಸಂಬಳದ ಚಿಂತೆಯಿಲ್ಲದೆ ಇಷ್ಟು ಕಾಲ ಕಳೆದು, ಬಿಟ್ಟ ಜಾಗಕ್ಕೇ ಬಂದು ನಿಲ್ಲಲು ಎಷ್ಟು ಮಂದಿಗೆ ಸಾಧ್ಯವಿತ್ತು?

ಹವ್ಯಾಸಿ ಎಂದರೆ ಆಟಕ್ಕಾಗಿ ಕಾಸು ಮುಟ್ಟದವನು ಎಂದು ಆ ಕಾಲದ ನಿಯಮ ಹೇಳುತ್ತಿತ್ತು. ಆದರೆ ಕಾಸು ಮುಟ್ಟದೆ ಆಡಬೇಕಾದರೆ ಮನೆಯಲ್ಲಿ ಕಾಸಿರಬೇಕು. ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ, ಗಣಿ ಕಾರ್ಮಿಕರು ಕೇಳಿದ್ದು ಆಟದ ಕೂಲಿಯನ್ನಲ್ಲ, ಪಂದ್ಯಕ್ಕೆ ಹೋಗಿ ಕಳೆದುಕೊಂಡ ದಿನಗೂಲಿಯನ್ನು. 1893ರಲ್ಲಿ ಇಂಗ್ಲೆಂಡಿನ ರಗ್ಬಿ ಒಕ್ಕೂಟ ಆ ಬೇಡಿಕೆಯನ್ನು 282-136 ಮತಗಳಿಂದ ತಳ್ಳಿಹಾಕಿತು. ಎರಡು ವರ್ಷದ ನಂತರ ಉತ್ತರದ ಕ್ಲಬ್ಬುಗಳು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿ ಬೇರೆ ಒಲೆ ಹೂಡಿದವು. ದಿನಕ್ಕೆ ಆರು ಶಿಲಿಂಗ್ ಪರಿಹಾರ ಕೊಡಲು ಒಪ್ಪಿದವು. ಈ ವಿಷಯದಲ್ಲಿ ಸ್ಕಾಟ್ಲೆಂಡಿನ ಒಕ್ಕೂಟ ಇಂಗ್ಲೆಂಡಿಗಿಂತಲೂ ಬಿಗಿ. 1905ರ ನ್ಯೂಜಿಲೆಂಡ್ ಆಟಗಾರರಿಗೆ ಕೈಖರ್ಚಿಗೆಂದು ದಿನಕ್ಕೆ ಮೂರು ಶಿಲಿಂಗ್ ಸಿಕ್ಕಿತ್ತೆಂದು ಗೊತ್ತಾದಾಗ ಅದು ದೊಡ್ಡ ರಂಪವನ್ನೇ ಎಬ್ಬಿಸಿತು. ಬೆಡೆಲ್-ಸಿವ್‌ರೈಟ್‌ನ ತಂಡ 7-12ರಿಂದ ಸೋತ ಆ ಪಂದ್ಯದ ಟಿಕೆಟ್ ಹಣವೆಲ್ಲ ನ್ಯೂಜಿಲೆಂಡಿನವರ ಪಾಲಾಗಿತ್ತು. ನಿಗದಿತ ಮೊತ್ತದ ಭರವಸೆ ಕೊಡಲು ಹಿಂಜರಿದು ಟಿಕೆಟ್ ಹಣವನ್ನೇ ಕೊಡುವುದಾಗಿ ಒಪ್ಪಿದ್ದು ಇದೇ ಒಕ್ಕೂಟ. ಲೆಕ್ಕಾಚಾರ ಕೈಕೊಟ್ಟ ಸಿಟ್ಟೂ ಆ ರಂಪದಲ್ಲಿ ಬೆರೆತಿತ್ತೆಂದೇ ನನ್ನ ಗುಮಾನಿ.

ನಿಯಮ ಎಲ್ಲರಿಗೂ ಒಂದೇ ಆಗಿತ್ತಲ್ಲ, ಸ್ಕಾಟ್ಲೆಂಡಿನ ಗಡಿಸೀಮೆಯ ಗಿರಣಿ ಕೆಲಸಗಾರರೂ ಆಡಿದರಲ್ಲ ಎಂದು ಕೇಳಬಹುದು. ಆಡಿದರು, ನಿಜ. ಹಾವಿಕ್, ಗಾಲಾಶೀಲ್ಸ್, ಮೆಲ್‌ರೋಸ್ ಒಂದಕ್ಕೊಂದು ಹತ್ತಿರದ ಊರುಗಳು. ಶನಿವಾರ ಮಧ್ಯಾಹ್ನದ ಬಿಡುವಿನಲ್ಲಿ ಪಂದ್ಯ ಮುಗಿಸಿ ಮನೆ ಸೇರಬಹುದು. ತಿಂಗಳುಗಟ್ಟಲೆಯ ಹಡಗಿನ ಪ್ರವಾಸ ಹಾಗಲ್ಲ. ಇನ್ನು ಕ್ಲಬ್ಬಿಗೂ ಹಣ ಬೇಕೇ ಬೇಕಿತ್ತು. 1883ರಲ್ಲಿ ಮೆಲ್‌ರೋಸ್ ಕ್ಲಬ್ಬಿನ ಕೈ ಬರಿದಾದಾಗ ಮಾಂಸದ ಅಂಗಡಿಯ ನೆಡ್ ಹೇಗ್ ಏಳೇಳು ಜನರ ಪಂದ್ಯಾವಳಿಯ ಉಪಾಯ ಹೇಳಿದ್ದು ಹಣ ಕೂಡಿಸಲೆಂದೇ. ಕ್ಲಬ್ಬು ಟಿಕೆಟ್ ಮಾರಿದರೆ ಆಟ ಕೆಡುವುದಿಲ್ಲ, ಆಟಗಾರ ಕೂಲಿ ಪಡೆದರೆ ಮಾತ್ರ ಕೆಡುತ್ತದೆ!

ಹಣ ಬಂದರೆ ಆಟದ ಸಭ್ಯತೆ ಹೋಗುತ್ತದೆ ಎಂಬುದು ಇನ್ನೊಂದು ವಾದ. ಅದಕ್ಕೆ ಬೆಡೆಲ್-ಸಿವ್‌ರೈಟ್‌ನ ಆಟವೇ ಉತ್ತರ. ಆತ ಮುಂಚೂಣಿಯಲ್ಲಿ ಆಡುವವನು, ಒರಟುತನಕ್ಕೆ ಹೆಸರಾದವನು. 1909ರಲ್ಲಿ ಸ್ಕಾಟ್ಲೆಂಡಿನ ಹೆವಿವೇಟ್ ಹವ್ಯಾಸಿ ಬಾಕ್ಸಿಂಗ್ ಚಾಂಪಿಯನ್ ಕೂಡ ಆದ. 1904ರ ಪ್ರವಾಸದಲ್ಲಿ, ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ಕೆಟ್ಟ ಮಾತಾಡಿದನೆಂದು ತಂಡದ ಡೆನಿಸ್ ಡಾಬ್ಸನ್‌ನನ್ನು ರೆಫರಿ ಹೊರಗೆ ಕಳಿಸಿದಾಗ, ಈ ನಾಯಕ ಇಡೀ ತಂಡವನ್ನೇ ಮೈದಾನದಿಂದ ಕರೆದೊಯ್ದ. ಸುಮಾರು ಇಪ್ಪತ್ತು ನಿಮಿಷ ಆಟ ನಿಂತಿತು. ಎಡಿನ್‌ಬರೋದ ಪ್ರಿನ್ಸಸ್ ಬೀದಿಯಲ್ಲಿ ಟ್ರಾಮ್ ಹಳಿಯ ಮೇಲೆ ಮಲಗಿ ಸಂಚಾರ ತಡೆದ, ಪೊಲೀಸರು ಹತ್ತಿರ ಹೋಗಲಿಲ್ಲ, ಎದ್ದವನು ಗಾಡಿ ಕುದುರೆಯೊಂದನ್ನು ತಬ್ಬಿ ಕೆಡವಿದ ಎಂದೆಲ್ಲ ದಂತಕಥೆಯಿದೆ. ಕುದುರೆ ಬಿತ್ತೋ ಇಲ್ಲವೋ, ಇದು ಮೆಚ್ಚುಗೆಯಿಂದ ಹೇಳಿಕೊಂಡು ಬಂದ ಕಥೆ. ಹಳಿಯ ಮೇಲೆ ಮಲಗಿದವನು ಹಾವಿಕ್‌ನ ನೇಕಾರನಾಗಿದ್ದರೆ ಅದು ಪೊಲೀಸ್ ಠಾಣೆಯ ದಾಖಲೆಯಾಗುತ್ತಿತ್ತು.

ಇದರಿಂದ ಆತನ ಆಟದ ಬೆಲೆ ಕಡಿಮೆಯಾಗದು. 1900ರಿಂದ 1908ರವರೆಗೆ ದೇಶಕ್ಕಾಗಿ 22 ಪಂದ್ಯ, ಇಂಗ್ಲೆಂಡ್, ವೇಲ್ಸ್, ಐರ್ಲೆಂಡ್ ಮೂರನ್ನೂ ಸೋಲಿಸಿ ತ್ರಿವಳಿ ಕಿರೀಟ ಗೆದ್ದ 1901, 1903, 1907ರ ಮೂರು ತಂಡಗಳಲ್ಲೂ ಸ್ಥಾನ. ಇವನ್ನು ಮನೆತನದ ಹಣ ತಂದುಕೊಡಲಾರದು. ಮೊದಲ ಮಹಾಯುದ್ಧದಲ್ಲಿ ನೌಕಾಪಡೆಯ ಶಸ್ತ್ರವೈದ್ಯನಾಗಿ ಗಲಿಪೊಲಿಗೆ ಹೋದವನು ಕೀಟ ಕಚ್ಚಿದ ಗಾಯ ನಂಜೇರಿ 1915ರ ಸೆಪ್ಟೆಂಬರ್ 5ರಂದು, 34ನೇ ವಯಸ್ಸಿನಲ್ಲಿ ತೀರಿಕೊಂಡ. ದೇಹವನ್ನು ಕಡಲಿಗೆ ಒಪ್ಪಿಸಿದರು. ಯುದ್ಧ ಮುಗಿದರೂ ಒಕ್ಕೂಟದ ಬಿಗಿ ಸಡಿಲಲಿಲ್ಲ. ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡ ಜಾಕ್ ವೀಮ್ಸ್ 1920ರ ಹೊಸವರ್ಷದ ದಿನ ಪ್ಯಾರಿಸ್‌ನಲ್ಲಿ ಸ್ಕಾಟ್ಲೆಂಡ್ ಪರ ಆಡಲು ಬಂದಾಗ ಆತನಿಗೆ ಜೆರ್ಸಿ ಕೊಡಲಿಲ್ಲವಂತೆ. 1914ರಲ್ಲೇ ಒಂದು ಕೊಟ್ಟಿದ್ದೆವಲ್ಲ, ಅದೆಲ್ಲಿ ಎಂದು ಕೇಳಿದರಂತೆ.