ವಿಯಟ್ನಾಮಿನಲ್ಲಿ ಎಂ-16 ಬಂದೂಕಿನ ಮಸಿ: ಹೊಣೆಯ ವಿಚಾರ

ಯುದ್ಧಗಳ ಇತಿಹಾಸವನ್ನು ಬರೆಯುವವರು ಸೇನಾನಿಗಳ ವ್ಯೂಹಗಳಿಗೂ ಒಪ್ಪಂದಗಳ ಕರಾರುಗಳಿಗೂ ಮೀಸಲಿಡುವ ಪುಟಗಳನ್ನು, ಸಿಪಾಯಿಯು ಕುಳಿತು ತನ್ನ ಬಂದೂಕನ್ನು ಒರೆಸಿಕೊಳ್ಳುವ ಕೆಲಸಕ್ಕೆ ಮೀಸಲಿಡುವುದಿಲ್ಲ. ಆದರೆ 1967ರಲ್ಲಿ ಅಮೆರಿಕದ ಪ್ರತಿನಿಧಿಸಭೆಯ ಉಪಸಮಿತಿಯೊಂದು ತಿಂಗಳುಗಟ್ಟಲೆ ವಿಚಾರಣೆ ನಡೆಸಿದಾಗ ಈ ಕೆಲಸವೇ ಮುಖ್ಯ ಪ್ರಶ್ನೆಗಳಲ್ಲಿ ಒಂದಾಯಿತು. ವಿಯಟ್ನಾಮಿನಲ್ಲಿ ಎಂ-16 ಬಂದೂಕುಗಳು ಕದನದ ನಡುವೆ ಕಚ್ಚಿಕೊಂಡು ನಿಂತುದಕ್ಕೆ ಅದನ್ನು ಶುಚಿಮಾಡದ ಸಿಪಾಯಿ ಹೊಣೆಯೋ, ಶುಚಿಮಾಡುವ ಸಾಧನವನ್ನೂ ಕೊಡದೆ ಅದನ್ನು ಅವನ ಕೈಗಿತ್ತವರು ಹೊಣೆಯೋ ಎಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ಬಂದೂಕಿನ ರಚನೆಯನ್ನು ತಿಳಿಯಬೇಕು. ಸ್ವಯಂಚಾಲಿತ ಬಂದೂಕುಗಳಲ್ಲಿ ಅನೇಕವು ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡದಿಂದಲೇ ಮುಂದಿನ ತೋಟೆಯನ್ನು ತುಂಬಿಕೊಳ್ಳುತ್ತವೆ. ರಷ್ಯದ ಕಲಾಷ್ನಿಕಾಫ್ ಬಂದೂಕಿನಲ್ಲಿ ಈ ಅನಿಲವು ನಳಿಗೆಯ ಮೇಲಿರುವ ಕೊಳವೆಯೊಳಗೆ ಒಂದು ಪಿಸ್ಟನ್ನನ್ನು ತಳ್ಳುತ್ತದೆ. ಮಸಿಯ ಹೆಚ್ಚಿನ ಭಾಗ ಅಲ್ಲಿಯೇ ಉಳಿಯುತ್ತದೆ. ಯೂಜೀನ್ ಸ್ಟೋನರ್ 1960ರಲ್ಲಿ ಪೇಟೆಂಟ್ ಪಡೆದ ವಿಧಾನವು ಬೇರೆಯದು. ಅದರಲ್ಲಿ ಅನಿಲವು ಸಣ್ಣ ಉಕ್ಕಿನ ನಾಳದ ಮೂಲಕ ಹಿಂದಕ್ಕೆ ಹರಿದು, ಬೋಲ್ಟನ್ನು ಹೊತ್ತ ಭಾಗದ ಒಳಕ್ಕೇ ನುಗ್ಗುತ್ತದೆ. ಇದರಿಂದ ಬಂದೂಕು ಹಗುರವಾಯಿತು, ಗುರಿಯೂ ಸ್ಥಿರವಾಯಿತು; ಆದರೆ ಇಂಗಾಲದ ಮಸಿಯು ಬೋಲ್ಟಿನ ಬಾಲದ ಮೇಲೂ ಅದರ ಉಂಗುರಗಳ ಸುತ್ತಲೂ ಕಾದ ಹಂಚಿಗೆ ಹಿಟ್ಟು ಹತ್ತಿದಂತೆ ಹತ್ತಿಕೊಳ್ಳುವುದು ಅನಿವಾರ್ಯವಾಯಿತು. ಇದನ್ನು ದೋಷವೆಂದು ಕರೆಯುವುದು ಸರಿಯಲ್ಲ. ಎಷ್ಟು ಮಸಿ ಹತ್ತುವುದೆಂಬುದು ಮದ್ದನ್ನು ಅವಲಂಬಿಸಿತ್ತು. ಸ್ಟೋನರನ ಬಂದೂಕು ರೂಪುಗೊಂಡುದು ಡ್ಯೂಪಾಂಟ್ ಕಂಪೆನಿಯ ಐಎಂಆರ್ 4475 ಎಂಬ ಮದ್ದಿನೊಂದಿಗೆ.

1963ರ ಕೊನೆಯಲ್ಲಿ ಭೂಸೇನೆಯು 85,000 ಬಂದೂಕುಗಳನ್ನು ಕೊಳ್ಳಲು ನಿರ್ಧರಿಸಿತು. ಗುಂಡಿನ ವೇಗ ಸೆಕೆಂಡಿಗೆ 3,250 ಅಡಿ ಇರಬೇಕೆಂಬ ನಿಯಮವನ್ನು, ಒತ್ತಡದ ಮಿತಿಯನ್ನು ಮೀರದೆ, ರಾಶಿ ಉತ್ಪಾದನೆಯಲ್ಲಿ ಆ ಮದ್ದಿನಿಂದ ಪಾಲಿಸುವುದು ಕಷ್ಟವಾಯಿತು. ಆಗ 1964ರಲ್ಲಿ ಓಲಿನ್ ಕಂಪೆನಿಯ ಡಬ್ಲ್ಯುಸಿ 846 ಎಂಬ ಗುಂಡುಕಾಳಿನ ಮದ್ದಿಗೆ ಒಪ್ಪಿಗೆ ದೊರೆಯಿತು. ಈ ಮದ್ದಿನಲ್ಲಿ ಆಮ್ಲವನ್ನು ಅಡಗಿಸಲು ಕ್ಯಾಲ್ಸಿಯಂ ಕಾರ್ಬೊನೇಟನ್ನು, ಎಂದರೆ ಸುಣ್ಣಕಲ್ಲಿನ ದ್ರವ್ಯವನ್ನು, ಬೆರೆಸುತ್ತಿದ್ದರು. ಅದರ ಶೇಷವು ಅನಿಲನಾಳದಲ್ಲಿ ಗಟ್ಟಿಯಾಗಿ ಕೂರತೊಡಗಿತು. ಅಷ್ಟೇ ಅಲ್ಲ, ನಾಳದ ಬಾಯಿಯಲ್ಲಿ ಒತ್ತಡ ಹೆಚ್ಚಿ, ನಿಮಿಷಕ್ಕೆ 850 ಗುಂಡುಗಳೆಂಬ ಮೇಲ್ಮಿತಿಯನ್ನು ಬಂದೂಕು ದಾಟುತ್ತಿತ್ತು. ವೇಗ ಹೆಚ್ಚಿದಷ್ಟೂ ಭಾಗಗಳು ಮುರಿಯುವುದೂ ಕಚ್ಚಿಕೊಳ್ಳುವುದೂ ಹೆಚ್ಚಿತು.

ಮುಂದಿನ ಸಂಗತಿಯು ನಮ್ಮ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ತಿರುಳು. ಹೊಸ ಮದ್ದಿನಿಂದ ಹಾರಿಸಿದರೆ ತನ್ನ ಬಂದೂಕುಗಳು ಒಪ್ಪಿಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗವೆಂದು ತಯಾರಕರಾದ ಕೋಲ್ಟ್ ಕಂಪೆನಿಯವರು ತಿಳಿಸಿದಾಗ, ಪರೀಕ್ಷೆಗೆ ಮಾತ್ರ ಹಳೆಯ ಮದ್ದಿನ ತೋಟೆಗಳನ್ನು ಬಳಸಲು ಅವರಿಗೆ ಅನುಮತಿ ಸಿಕ್ಕಿತು. ಕಾರ್ಖಾನೆಯಲ್ಲಿ ಒಂದು ಮದ್ದು, ಕಾಡಿನಲ್ಲಿ ಇನ್ನೊಂದು! ಸಿಪಾಯಿಯ ಕೈಯಲ್ಲಿದ್ದುದು ಕಾಗದದ ಮೇಲೆ ಯಾವ ಕುಂದೂ ಇಲ್ಲದ ಬಂದೂಕು. ಅದು ನಿಂತುಹೋದರೆ ತಪ್ಪು ಅವನದಲ್ಲದೆ ಇನ್ನಾರದೆಂದು ತೋರಬೇಕು?

ಶುಚಿತ್ವದ ವಿಷಯಕ್ಕೆ ಬರೋಣ. ಈ ಬಂದೂಕಿಗೆ ಹೆಚ್ಚಿನ ಆರೈಕೆ ಬೇಡವೆಂಬ ನಂಬಿಕೆ ಸೇನೆಯಲ್ಲಿ ಹರಡಿತ್ತು. 1966ರ ಕೊನೆಯಲ್ಲಿ ಪರೀಕ್ಷಕರ ತಂಡವು ವಿಯಟ್ನಾಮಿಗೆ ಹೋದಾಗ ಬಂದೂಕುಗಳು ಮಸಿಹಿಡಿದಿದ್ದುದನ್ನೂ, ಸಿಪಾಯಿಗಳಿಗೆ ಸರಿಯಾದ ಶಿಕ್ಷಣವಿಲ್ಲದುದನ್ನೂ, ಶುಚಿಮಾಡುವ ಸಲಾಕಿ ಕುಂಚಗಳ ಕೊರತೆಯನ್ನೂ ಕಂಡಿತು. ಸಲಾಕಿ ದೊರೆತವರು ಅದನ್ನು ಬಂದೂಕಿನ ಪಕ್ಕಕ್ಕೆ ಪಟ್ಟಿಯಿಂದ ಬಿಗಿದುಕೊಂಡಿದ್ದರು. ಅದು ಒರೆಸಲು ಮಾತ್ರವಲ್ಲ, ಸಿಕ್ಕಿಕೊಂಡ ತೋಟೆಯ ಕವಚವನ್ನು ನಳಿಗೆಯ ಬಾಯಿಯಿಂದ ಕುಟ್ಟಿ ಹೊರದೂಡಲು!

ಎಲ್ಲವನ್ನೂ ಮಸಿಯ ತಲೆಗೆ ಕಟ್ಟುವ ಲೇಖಕರೊಡನೆ ನಮಗೆ ಪೂರ್ಣ ಸಮ್ಮತಿಯಿಲ್ಲ. ಕವಚವು ಸಿಕ್ಕಿಕೊಳ್ಳುತ್ತಿದ್ದುದು ತೋಟೆ ಕೂರುವ ಗೂಡಿನಲ್ಲಿ. ಆ ಗೂಡಿಗೆ ಕ್ರೋಮಿಯಂ ಲೇಪನವಿರಲಿಲ್ಲವಾಗಿ ವಿಯಟ್ನಾಮಿನ ತೇವದಲ್ಲಿ ಅದು ತುಕ್ಕುಹಿಡಿದು ಒರಟಾಗುತ್ತಿತ್ತು. ಹಿಂದಿನ ಎಂ-14 ಬಂದೂಕಿಗೆ ಅದೇ ಸೇನೆಯು ಈ ಲೇಪನವನ್ನು ಮಾಡಿಸಿತ್ತೆಂಬುದನ್ನು ನೆನೆದರೆ ಅಜ್ಞಾನದ ನೆವ ನಿಲ್ಲುವುದಿಲ್ಲ. ಮಸಿ, ತುಕ್ಕು, ಮಿತಿಮೀರಿದ ವೇಗ ಮೂರೂ ಒಂದನ್ನೊಂದು ಬೆಳೆಸಿದುವು. ಕುಂಚವಿದ್ದಿದ್ದರೆ ಮೊದಲನೆಯದು ಕಡಮೆಯಾಗುತ್ತಿತ್ತು, ಎರಡನೆಯದು ಸ್ವಲ್ಪ ತಡೆಯುತ್ತಿತ್ತು. ಮೂರನೆಯದಕ್ಕೆ ಯಾವ ಕುಂಚವೂ ಮದ್ದಲ್ಲ.

1967ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಖೇಸಾನಿನ ಗುಡ್ಡಗಳಲ್ಲಿ ಭೀಕರ ಕದನವಾಯಿತು. ಅಲ್ಲಿ ಹೋರಾಡಿದ ನೌಕಾ ಪದಾತಿಯೊಬ್ಬನು ಮನೆಗೆ ಬರೆದ ಪತ್ರವು ಪತ್ರಿಕೆಯಲ್ಲಿ ಅಚ್ಚಾಗಿ ಶಾಸನಸಭೆಯನ್ನೂ ಮುಟ್ಟಿತು. ಸತ್ತವರಲ್ಲಿ ಅನೇಕರ ಪಕ್ಕದಲ್ಲಿ, ಅವರು ಸರಿಪಡಿಸಲು ಬಿಚ್ಚಿಕೊಂಡಿದ್ದ ಬಂದೂಕು ಬಿದ್ದಿತ್ತೆಂಬುದು ಅದರ ಸಾರ. ಮಿಸ್ಸೂರಿಯ ರಿಚರ್ಡ್ ಇಕಾರ್ಡ್ ಅಧ್ಯಕ್ಷರಾಗಿದ್ದ ಉಪಸಮಿತಿಯು ಅಕ್ಟೋಬರಿನಲ್ಲಿ ವರದಿ ಒಪ್ಪಿಸಿ, ದೋಷವನ್ನು ತಿದ್ದದೆ ಹೋದ ಅಧಿಕಾರಿಗಳ ನಿರ್ಲಕ್ಷ್ಯವು ಅಪರಾಧದ ಅಂಚಿಗೆ ಬಂದಿತ್ತೆಂದು ಹೇಳಿತು. ಆ ಹೊತ್ತಿಗೆ ಗೂಡಿಗೆ ಕ್ರೋಮಿಯಂ ಬಂದಿತ್ತು, ವೇಗ ತಗ್ಗಿಸುವ ಹೊಸ ಬಫರ್ ಬಂದಿತ್ತು. ಮದ್ದಿನಲ್ಲಿಯ ಕ್ಯಾಲ್ಸಿಯಂ ಕಾರ್ಬೊನೇಟಿನ ಪ್ರಮಾಣವನ್ನು ಮುಂದೆ ಇಳಿಸಲಾಯಿತು. 1968ರಲ್ಲಿ ವಿಲ್ ಐಸ್ನರ್ ಎಂಬ ಹೆಸರಾಂತ ವ್ಯಂಗ್ಯಚಿತ್ರಕಾರನಿಂದ ಚಿತ್ರ ಬರೆಯಿಸಿ, ಬಂದೂಕನ್ನು ಬಿಚ್ಚಿ ಒರೆಸುವ ಕ್ರಮವನ್ನು ತಿಳಿಸುವ ಕಿರುಹೊತ್ತಗೆಯನ್ನು ಸಿಪಾಯಿಗಳಿಗೆ ಹಂಚಿದರು. ಮದ್ದನ್ನು ಬದಲಿಸಿದ ನಿರ್ಣಯಕ್ಕೂ ಆ ಹೊತ್ತಗೆಗೂ ನಡುವೆ ಕಳೆದುದು ನಾಲ್ಕು ವರ್ಷ.