ಚಕ್ಕುಬಂದಿಯ ಸಾಕ್ಷಿ

ಹುಲಗೂರೆಂದರೆ ಸಾಹಿತ್ಯಾಸಕ್ತರಿಗೆ ಮೊದಲು ನೆನಪಾಗುವುದು ಶಿಶುನಾಳ ಶರೀಫರು. ಶರೀಫರ ತಾಯಿತಂದೆಗಳು ಹುಲಗೂರಿನ ಖಾದರಶಾ ವಲಿಗಳಿಗೆ ನಡೆದುಕೊಳ್ಳುತ್ತಿದ್ದರೆಂದೂ ಆ ಮಹಾತ್ಮರ ಹರಕೆಯಿಂದಲೇ ಮಗ ಹುಟ್ಟಿದನೆಂದೂ ಆ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ನಾನು ಹೇಳಹೊರಟಿರುವುದು ಅದೇ ಊರಿನ ಹೊಲಗಳ ಮಾತು. ಆ ಹೊಲಗಳನ್ನು ಕಾಗದದ ಮೇಲೆ ಇಳಿಸಿದ, ಯಾವ ಸಾಹಿತ್ಯಚರಿತ್ರೆಯಲ್ಲಿಯೂ ಹೆಸರು ಕಾಣಿಸದ ಗದ್ಯಲೇಖಕರ ಮಾತು. ಪತ್ರ ಬರೆಯುವವರು, ದಸ್ತಾವೇಜು ಬರಹಗಾರರು, ಬಾಂಡ್ ರೈಟರು ಎಂದು ಕಾಲಕ್ಕೊಂದು ಹೆಸರಿನಿಂದ ಅವರನ್ನು ಕರೆದಿದ್ದಾರೆ.

ಈ ಕಸುಬು ಇಂಗ್ಲಿಷರೊಡನೆ ಬಂದದ್ದಲ್ಲ. ಹುಲಗೂರಿನಲ್ಲಿ ಕಲ್ಯಾಣದ ಚಾಳುಕ್ಯರ ಕಾಲದ ಶಾಸನಗಳಿವೆ, ಎಲ್. ಡಿ. ಬಾರ್ನೆಟ್ ಅವರು ಅವುಗಳನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ್ದಾರೆ. ಶಾಸನಗಳನ್ನು ನಾವು ಕನ್ನಡದ ವಿದ್ಯಾರ್ಥಿಗಳು ಪದ್ಯಗಳಿಗಾಗಿ, ರಾಜರ ಬಿರುದುಗಳಿಗಾಗಿ ಓದಿ, ಕೊನೆಯ ಗದ್ಯಭಾಗವನ್ನು ಬಿಟ್ಟುಬಿಡುತ್ತೇವೆ. ನಾನೂ ಮೂವತ್ತು ವರ್ಷ ಹಾಗೆಯೇ ಪಾಠ ಹೇಳಿದವನು. ಆದರೆ ಆ ಕಾಲದ ಊರವರಿಗೆ ಬೇಕಾಗಿದ್ದದ್ದು ಆ ಕೊನೆಯ ಭಾಗವೇ: ಎಷ್ಟು ಮತ್ತರು ಕೆಯ್, ಯಾವ ಕೋಲಿನಿಂದ ಅಳೆದದ್ದು, ಮೂಡಲಿಗೆ ಏನು, ತೆಂಕಲಿಗೆ ಏನು, ಯಾರ ಸನ್ನಿಧಿಯಲ್ಲಿ ಕೊಟ್ಟದ್ದು. ಅದನ್ನು ಬರೆದವನು ಸೇನಬೋವ. ಅವನೇ ಮುಂದೆ ಶ್ಯಾನುಭೋಗನಾದ. ನಮ್ಮ ಮುಂಬಯಿ ಕರ್ನಾಟಕದಲ್ಲಿ ಕುಲಕರ್ಣಿ ಎನಿಸಿಕೊಂಡ. ವಿಜಯನಗರದ ಕಾಲಕ್ಕೆ ಈ ಗದ್ಯಕ್ಕೆ ಇನ್ನೊಂದು ಸೊಬಗು ಬಂದಿತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಪಟ್ಟಿ ಭೂದಾನದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎರಡು ಎಕರೆ ಎರೆಹೊಲ ಕೊಳ್ಳುವ ಬಡವನ ಖರೀದಿ ಪತ್ರದಲ್ಲಿಯೂ ಅದೇ ಪಟ್ಟಿಯನ್ನು ನಾನು ಕಂಡಿದ್ದೇನೆ. ಹೊಲದಲ್ಲಿ ನಿಧಿಯೂ ಇಲ್ಲ, ಜಲವೂ ಇಲ್ಲ. ಪಾಷಾಣ ಮಾತ್ರ ಬೇಕಾದಷ್ಟು. ಆದರೂ ಆ ಮಾತುಗಳನ್ನು ಓದಿ ಹೇಳಿದಾಗ ಕೊಳ್ಳುವವನ ಮುಖ ಅರಳುತ್ತಿತ್ತು.

ಮರಾಠರ ಆಳಿಕೆಯಲ್ಲಿ ಈ ಸೀಮೆಯ ದಫ್ತರಗಳಿಗೆ ಮೋಡಿ ಲಿಪಿ ಬಂದಿತು. ಕನ್ನಡವಾಡುವ ರೈತನ ಹೊಲ ಅವನಿಗೆ ಬಾರದ ಭಾಷೆಯಲ್ಲಿ, ಕಾಣದ ಲಿಪಿಯಲ್ಲಿ ದಾಖಲಾಯಿತು. ರೈತ ತನ್ನ ರುಜುವಿನ ಬದಲಿಗೆ ನೇಗಿಲಿನ ಚಿತ್ರ ಹಾಕುತ್ತಿದ್ದ. ಅದರ ಸುತ್ತಲೂ 'ಇದು ಇಂಥವನ ನಿಶಾನಿ' ಎಂದು ಬರೆಯುವವನು ಬೇರೆ. ಆ ಪದ್ಧತಿ ಅಳಿದರೂ ಅದರ ಶಬ್ದಗಳು ಉಳಿದುಕೊಂಡವು. ಖರೀದಿ, ಗಹಾಣ, ವಾಟ್ನಿ, ಬಕ್ಷೀಸು, ಕಬಜಾ, ತಕರಾರು: ನಮ್ಮ ಪತ್ರಗಳ ಕನ್ನಡದಲ್ಲಿ ಫಾರಸಿ, ಮರಾಠಿ, ಸಂಸ್ಕೃತಗಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಿವೆ. ಹಳೆಯ ಪತ್ರಗಳ ಕೊನೆಗೆ ಬರೆದವನು ತನ್ನ ಹೆಸರಿನ ಮುಂದೆ 'ಬಿಕಲಂ' ಎಂದು ಹಾಕುತ್ತಿದ್ದುದುಂಟು. ಲೇಖನಿಯಿಂದ, ಎಂದರೆ ಇಂಥವನ ಕೈಬರಹದಿಂದ, ಎಂದು ಅದರರ್ಥ.

ಇಂಗ್ಲಿಷರು ಬಂದ ಮೇಲೆ ಭೂಮಿಗೆ ನಂಬರು ಬಿದ್ದಿತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರು 1835ರ ಸುಮಾರಿಗೆ ಪುಣೆಯ ಇಂದಾಪುರದಲ್ಲಿ ಆರಂಭಿಸಿದ ಮೋಜಣಿ 1840ರ ದಶಕದಲ್ಲಿ ಧಾರವಾಡ ಜಿಲ್ಲೆಗೂ ಬಂದಿತು. 33 ಅಡಿಯ ಸರಪಳಿ; ಆ ಸರಪಳಿಯ ಚೌಕ ಒಂದು ಗುಂಟೆ; 40 ಗುಂಟೆಗೆ ಒಂದು ಎಕರೆ. ಹೊಲದ ಮೂಲೆಗಳಿಗೆ ಬಾಂದುಕಲ್ಲು ನೆಟ್ಟರು. ಆಗ ಈ ತಾಲೂಕಿಗೆ ಬಂಕಾಪುರವೆಂದು ಹೆಸರು, ಕಚೇರಿ ಮಾತ್ರ ಶಿಗ್ಗಾವಿಯಲ್ಲಿ. 1903ರ ಕಾಯಿದೆಯಿಂದ ಹಕ್ಕುಗಳ ದಾಖಲೆ ಹುಟ್ಟಿತು. ನಮ್ಮವರು ಅದನ್ನು ಉತಾರ ಎನ್ನುತ್ತಾರೆ. 1908ರ ನೋಂದಣಿ ಕಾಯಿದೆ ಬರುವ ಹೊತ್ತಿಗೆ ನೂರು ರೂಪಾಯಿ ಮೀರಿದ ಸ್ಥಿರಾಸ್ತಿಯ ಖರೀದಿಗೆ ಸಬ್‌ರಜಿಸ್ಟ್ರಾರರ ಮುದ್ರೆ ಬೇಕೇ ಬೇಕೆಂಬುದು ರೂಢಿಯಾಗಿತ್ತು. ಕಚೇರಿಯ ಹೊರಗಿನ ಗಿಡದ ನೆರಳಿನಲ್ಲಿ ಒಂದು ಇಳಿಜಾರು ಪೆಟ್ಟಿಗೆ, ದೌತಿ, ಛಾಪಾಕಾಗದ ಇಟ್ಟುಕೊಂಡು ಕೂರುವವರು ಹುಟ್ಟಿದ್ದು ಹೀಗೆ. ವಕೀಲರು ಇದ್ದರು, ಆದರೆ ಅವರು ಧಾರವಾಡ, ಹುಬ್ಬಳ್ಳಿಗಳಲ್ಲಿ. ವ್ಯಾಜ್ಯ ಹುಟ್ಟಿದ ಮೇಲೆ ಅವರ ಬಳಿಗೆ ಹೋಗಬೇಕು. ವ್ಯಾಜ್ಯ ಹುಟ್ಟದಂತೆ ಮಾಡುವುದೋ ಹುಟ್ಟಿಸುವುದೋ ಈ ಗಿಡದ ನೆರಳಿನವರ ಕೈಯಲ್ಲಿತ್ತು.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಡೆ 'ಮುದ್ದತ್ ಖರೀದಿ' ಎಂಬುದೊಂದಿತ್ತು. ಮಗಳ ಮದುವೆಗೋ ಬರಗಾಲದ ಹೊಟ್ಟೆಗೋ ಸಾಲ ಬೇಕಾದವನು ಹೊಲವನ್ನು ಖರೀದಿ ಬರೆದುಕೊಡುವುದು. ಇಷ್ಟು ವರ್ಷದೊಳಗೆ ಹಣ ತಿರುಗಿಸಿದರೆ ಹೊಲ ಮರಳಿ ಕೊಡುವುದು. ಮೈಮೇಲೆ ಖರೀದಿ, ಒಳಗೆ ಒತ್ತೆ. ಮರಳಿ ಕೊಡುವ ಮಾತು ಪತ್ರದಲ್ಲಿದ್ದರೆ ಅದು ಒತ್ತೆ. ಬಾಯಿಮಾತಿನಲ್ಲಿದ್ದರೆ ಹೊಲ ಹೋಯಿತು. 1929ರ ತಿದ್ದುಪಡಿಯಂತೂ ಆ ಕರಾರು ಅದೇ ಪತ್ರದೊಳಗೆ ಇರತಕ್ಕದ್ದೆಂದು ಸ್ಪಷ್ಟವಾಗಿ ಹೇಳಿತು. ಒಂದು ವಾಕ್ಯವನ್ನು ಬರೆಯುವುದು ಅಥವಾ ಬಿಡುವುದು, ಅಷ್ಟೇ. ಓದಲು ಬಾರದವನು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಕಾದು ಕುಳಿತಿರುವಾಗ ಆ ವಾಕ್ಯದ ಬೆಲೆ ಎಷ್ಟೆಂಬುದು ಬರೆಯುವವನಿಗೆ ಮಾತ್ರ ಗೊತ್ತು. 1875ರ ಮೇ ತಿಂಗಳಲ್ಲಿ ಪುಣೆಯ ಬಳಿಯ ಸುಪೆಯಲ್ಲಿ ರೈತರು ಸಾವಕಾರರ ಮನೆಗಳಿಗೆ ನುಗ್ಗಿದಾಗ ಮುಖ್ಯವಾಗಿ ಹುಡುಕಿ ಸುಟ್ಟದ್ದು ಸಾಲದ ಪತ್ರಗಳನ್ನು. ಆ ಸಿಟ್ಟು ಕಾಗದದ ಮೇಲಿನದು; ಅದನ್ನು ಮೌಢ್ಯವೆನ್ನುವ ಧೈರ್ಯ ನನಗಿಲ್ಲ.

ಬರೆದ ಪತ್ರದ ಕಥೆ ಇದಾದರೆ, ಬರೆಯದ ಪತ್ರದ ಕಥೆ ಇನ್ನೂ ದೊಡ್ಡದು. ಸ್ವತ್ತಿನ ವರ್ಗಾವಣೆಯ 1882ರ ಕಾಯಿದೆ ಗೇಣಿಯ ನಿಯಮಗಳಿಂದ ಬೇಸಾಯದ ಗೇಣಿಯನ್ನು ಹೊರಗಿಟ್ಟಿತ್ತು. ಹೀಗಾಗಿ ವರ್ಷದಿಂದ ವರ್ಷಕ್ಕೆ ನಡೆಯುವ ಲಾವಣಿಗೆ ಕಾಗದ ಬೇಕಾಗಿರಲಿಲ್ಲ. ಯುಗಾದಿಯ ದಿನ ಒಂದು ಮಾತು, ಸುಗ್ಗಿಯಲ್ಲಿ ಕಣದಲ್ಲಿ ಅಳತೆ; ಮುಗಿಯಿತು. ಸಾವಿರ ವರ್ಷ ಹೊಲದ ಒಡೆಯರನ್ನು ಬರೆದ ಲೇಖನಿಗೆ ಉಳುವವನನ್ನು ಬರೆಯುವ ಪ್ರಸಂಗವೇ ಬರಲಿಲ್ಲ.

ಹುಲಗೂರಿನ ನನ್ನ ಸೋದರಮಾವ ಅಂಥ ಲಾವಣಿಯ ರೈತ. ನಾಲ್ಕೆಕರೆ ಹತ್ತು ಗುಂಟೆ ಹೊಲ, ಪರಊರಿನಲ್ಲಿದ್ದ ಒಡೆಯರದು. ಅವರಪ್ಪನ ಕಾಲದಿಂದ ಉತ್ತದ್ದು. ಉತಾರದ ಸಾಗುವಳಿ ಕಾಲಮಿನಲ್ಲಿ ಮಾತ್ರ ವರ್ಷವರ್ಷವೂ 'ಖುದ್ದು' ಎಂದೇ ಇತ್ತು. ಎಂದರೆ ಒಡೆಯರೇ ಉಳುತ್ತಾರೆಂದು. 1948ರ ಮುಂಬಯಿ ಕಾಯಿದೆ ಬಂದಾಗ ಮಾಮಾನಿಗೆ ಅದರ ಸುದ್ದಿಯೇ ಮುಟ್ಟಲಿಲ್ಲ. ದೇವರಾಜ ಅರಸರ ಸರಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಗೆ ಕೊಟ್ಟ ಹೊಲವೆಲ್ಲ ಸರಕಾರಕ್ಕೆ ಸೇರಿ ಉಳುವವನಿಗೆ ಸಿಗುತ್ತದೆಂದಾಗ ಮಾತ್ರ ಊರಿಗೆ ಊರೇ ಎದ್ದು ಕುಳಿತಿತು. ಏಳನೆಯ ನಮೂನೆಯ ಅರ್ಜಿ ತುಂಬಬೇಕು. ಆ ವರ್ಷ ದಸರೆಯ ಸೂಟಿಯಲ್ಲಿ ನಾನು ಅಲ್ಲಿದ್ದೆ. ಹೈಸ್ಕೂಲಿನ ಹುಡುಗ, ಅಕ್ಷರ ದುಂಡಗಿದ್ದವು. ಮಾಮಾನ ಅರ್ಜಿಯನ್ನೂ ಓಣಿಯ ಇನ್ನೂ ಏಳೆಂಟು ಜನರ ಅರ್ಜಿಗಳನ್ನೂ ಚಿಮಣಿಯ ಬೆಳಕಿನಲ್ಲಿ ನಾನೇ ತುಂಬಿದೆ. 'ಗೇಣಿಯ ಬಗ್ಗೆ ಇರುವ ದಾಖಲೆ' ಎಂಬಲ್ಲಿಗೆ ಬಂದಾಗ ಎಲ್ಲರೂ ಸುಮ್ಮನಾಗುತ್ತಿದ್ದರು. ನಾನು ಗೆರೆ ಎಳೆಯುತ್ತಿದ್ದೆ.

ಮಾರನೆಯ ದಿನ ಮಾಮಾ ನನ್ನನ್ನು ಶಿಗ್ಗಾವಿಗೆ ಕರೆದೊಯ್ದ. ಕಚೇರಿಯ ಮುಂದೆ ಕೂರುತ್ತಿದ್ದ ಒಬ್ಬ ವೃದ್ಧರು ಅವನಿಗೆ ಪರಿಚಿತರು. ಹಿಂದೆ ಅವರ ಮನೆತನದಲ್ಲಿ ಕುಲಕರ್ಣಿಕಿ ಇತ್ತು. 1951ರಲ್ಲಿ ವತನಗಳು ರದ್ದಾಗಿ ತಲಾಟಿಗಳು ಬಂದ ಮೇಲೆ ಪತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದರು. ನಮ್ಮ ಒಡೆಯರ ಕಾಗದಪತ್ರಗಳನ್ನೆಲ್ಲ ಬರೆದವರೂ ಅವರೇ. ನನ್ನ ಅರ್ಜಿಯನ್ನು ಕನ್ನಡಕದ ಕೆಳಗಿಂದ ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಮಾಮಾನ ಕಡೆ ನೋಡಿದರು.

"ಬರದದ್ದಕ್ಕ ನಾ ಸಾಕ್ಷಿ ಹೇಳಬಹುದಪಾ. ಬರೀದೇ ಇದ್ದದ್ದಕ್ಕ ಏನಂತ ಹೇಳ್ಲಿ?"

"ನೀವ ಕಂಡೀರೆಲ್ಲರಿ ಕಾಕಾ, ನಾ ಉಳೂದು."

"ಕಂಡದ್ದು ಬ್ಯಾರೆ, ಕಾಗದ ಬ್ಯಾರೆ."

ನಾವು ಎದ್ದೆವು. ಚಹಾದಂಗಡಿಯ ತನಕ ಹೋಗಿದ್ದಾಗ ಒಬ್ಬ ಹುಡುಗ ಓಡಿಬಂದು ಕರೆದ. ವೃದ್ಧರು ತಮ್ಮ ಪೆಟ್ಟಿಗೆಯ ತಳದಿಂದ ಒಂದು ಹಳೆಯ ಟಿಪ್ಪಣಿ ಪುಸ್ತಕ ತೆಗೆದಿದ್ದರು. 1968ರಲ್ಲಿ ಒಡೆಯರ ಅಣ್ಣತಮ್ಮಂದಿರು ಬೇರೆಯಾದಾಗ ವಾಟ್ನಿ ಪತ್ರ ಬರೆದವರು ಅವರು. ತಮ್ಮನ ಪಾಲಿಗೆ ಹೋದ ಪಕ್ಕದ ಹೊಲದ ಚಕ್ಕುಬಂದಿ ಹೇಳುವಾಗ, ಮೂಡಲಿಗೆ ಅಣ್ಣನ ಪಾಲಿನ ಹೊಲ ಎಂದಷ್ಟೇ ಬರೆದರೆ ಸಾಕಿತ್ತು. ಆದರೆ ಹೊಲ ಗುರುತಾಗಲೆಂದು, ಅಣ್ಣನ ಪಾಲಿನ, ಇಂಥವನು ಲಾವಣಿ ಮಾಡುವ ಹೊಲ, ಎಂದು ಬರೆದಿದ್ದರು. ಆ 'ಇಂಥವನು' ನನ್ನ ಮಾಮಾ. ಕೆಳಗೆ ಇಬ್ಬರು ಒಡೆಯರ ರುಜು, ಸಬ್‌ರಜಿಸ್ಟ್ರಾರರ ಮುದ್ರೆ. ನೋಂದಣಿಯಾದ ಇಂಥ ಪತ್ರಗಳ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ನಕಲಿಗಾಗಿ ಅರ್ಜಿಯನ್ನು ಅವರೇ ಬರೆದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲವೆಂದು ಹೇಳಿದರೆ ಚೆನ್ನಾಗಿರುತ್ತಿತ್ತು. ತೆಗೆದುಕೊಂಡರು, ಎಂದಿನಂತೆ ಎರಡು ರೂಪಾಯಿ.

ಭೂ ನ್ಯಾಯಮಂಡಳಿಯ ಮುಂದೆ ವಕೀಲರು ಬರಕೂಡದೆಂದು ಆ ಕಾನೂನಿನ 48ನೆಯ ಕಲಮು ಹೇಳಿತ್ತು. ಹಣವಿದ್ದವನು ದೊಡ್ಡ ವಕೀಲನನ್ನು ತಂದು ಬಡರೈತನ ಬಾಯಿ ಮುಚ್ಚಿಸಬಾರದೆಂಬುದು ಅದರ ಉದ್ದೇಶ. 1987ರಲ್ಲಿ ಸುಪ್ರೀಂ ಕೋರ್ಟು, ವಕೀಲರನ್ನು ಹೀಗೆ ತಡೆಯಲಾಗದೆಂದು ತೀರ್ಪಿತ್ತಿತು. ಅಷ್ಟರಲ್ಲಿ ಎಷ್ಟೋ ಪ್ರಕರಣಗಳು ಮುಗಿದುಹೋಗಿದ್ದವು. ಆ ನಿಷೇಧ ಒಳ್ಳೆಯದೆಂದು ನಾನು ಬಹುಕಾಲ ನಂಬಿದ್ದೆ. ಈಗ ಅರ್ಧ ಮಾತ್ರ ನಂಬುತ್ತೇನೆ. ಒಡೆಯರಿಗೆ ವಕೀಲರ ಅಗತ್ಯವಿರಲಿಲ್ಲ. ಅವರ ಮನೆಯಲ್ಲೇ ಕಾಗದ ಓದಬಲ್ಲವರಿದ್ದರು. ಇತ್ತ ರೈತನ ಕೈಯಲ್ಲಿ ಇದ್ದದ್ದು ಹೈಸ್ಕೂಲು ಹುಡುಗ ತುಂಬಿದ ಅರ್ಜಿ.

ಉಪವಿಭಾಗಾಧಿಕಾರಿಗಳು ಅಧ್ಯಕ್ಷರು, ಸರಕಾರ ನೇಮಿಸಿದ ನಾಲ್ವರು ಸದಸ್ಯರು. ವಿಚಾರಣೆ 1978ರಲ್ಲಿ ಬಂದಿತು. ಒಡೆಯರು ಖುದ್ದು ಸಾಗುವಳಿ ಎಂದರು. ನಕಲನ್ನು ಓದಿದಾಗ ಏನೂ ಹೇಳಲಿಲ್ಲ. ಅಕ್ಕಪಕ್ಕದ ಹೊಲದವರ ಹೇಳಿಕೆಗಳೂ ಆದವು. ಮಾಮಾನಿಗೆ ಹೊಲ ಸಿಕ್ಕಿತು. ನಾನು ಅರ್ಜಿ ತುಂಬಿಕೊಟ್ಟವರಲ್ಲಿ ಒಬ್ಬಾಕೆ ವಿಧವೆ ಇದ್ದಳು. ಗಂಡ ಸತ್ತ ಮೇಲೂ ಮೂರೆಕರೆ ಲಾವಣಿ ಹೊಲವನ್ನು ಒಬ್ಬಳೇ ಮಾಡುತ್ತಿದ್ದಳು. ಆ ಹೊಲದ ಒಂದು ಕಡೆ ಹಳ್ಳ, ಒಂದು ಕಡೆ ದಾರಿ; ಉಳಿದೆರಡು ಕಡೆಯ ಹೊಲಗಳು ಎಂದೂ ಮಾರಾಟವಾಗಿರಲಿಲ್ಲ, ಪಾಲಾಗಿರಲಿಲ್ಲ. ಅವಳ ಹೆಸರು ಯಾರ ಚಕ್ಕುಬಂದಿಯಲ್ಲಿಯೂ ಬಂದಿರಲಿಲ್ಲ. ಒಡೆಯರ ಹೆದರಿಕೆಗೆ ನೆರೆಯವರೂ ಸಾಕ್ಷಿಗೆ ಬರಲಿಲ್ಲ. ಅವಳ ಅರ್ಜಿ ವಜಾ ಆಯಿತು. 'ದಾಖಲೆ' ಎಂಬಲ್ಲಿ ನಾನು ಎಳೆದ ಆ ಗೆರೆ ನನಗೆ ಇಂದೂ ಕಣ್ಣಿಗೆ ಕಟ್ಟಿದಂತಿದೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಭೂಮಿ ಯೋಜನೆಯಿಂದ ಕೈಬರಹದ ಉತಾರಗಳು ಹೋಗಿ ಗಣಕಯಂತ್ರದವು ಬಂದವು. 2003ರಿಂದೀಚೆಗೆ ನೋಂದಣಿಯೂ ಕಾವೇರಿ ತಂತ್ರಾಂಶಕ್ಕೆ ಏರಿತು. 2020ರ ತಿದ್ದುಪಡಿಯಿಂದ ರೈತರಲ್ಲದವರೂ ಹೊಲ ಕೊಳ್ಳಬಹುದಾಯಿತು. ಈಗ ತಾಲೂಕು ಊರುಗಳಲ್ಲಿ ಒಂದೇ ಫಲಕದ ಕೆಳಗೆ ವಕೀಲರು, ಸೈಟಿನ ದಲಾಲಿಗಳು, ಪತ್ರ ಟೈಪು ಮಾಡುವವರು ಸಿಗುತ್ತಾರೆ. ಅವರಲ್ಲಿ ನನ್ನ ಶಿಷ್ಯರೂ ಇದ್ದಾರೆ, ಒಳ್ಳೆಯವರು.

ಕಾನೂನು ವಿಧಿಸಿದ್ದ 15 ವರ್ಷಗಳ ನಿರ್ಬಂಧ ಎಂದೋ ಮುಗಿದಿತ್ತು, ಮಾಮಾನೂ ತೀರಿಕೊಂಡಿದ್ದ. ನಾಲ್ಕು ವರ್ಷದ ಕೆಳಗೆ ಅವನ ಮಕ್ಕಳು ರಸ್ತೆಗೆ ಹತ್ತಿದ ಒಂದೆಕರೆಯನ್ನು ಹುಬ್ಬಳ್ಳಿಯವರೊಬ್ಬರಿಗೆ ಮಾರಿದರು. ಪತ್ರವನ್ನು ಓದಿ ನೋಡೆಂದು ನನಗೆ ಕೊಟ್ಟರು. ಅಷ್ಟಭೋಗಗಳು ಇದ್ದವು, ಆದರೆ ಅಕ್ಷೀಣಿ 'ಅಕ್ಷಿಣಿ'ಯಾಗಿತ್ತು, ತಿದ್ದಿಸಿದೆ. ಚಕ್ಕುಬಂದಿಯಲ್ಲಿ ಯಾರ ಹೆಸರೂ ಇರಲಿಲ್ಲ. ಮೂರು ಕಡೆ ಸರ್ವೆ ನಂಬರು, ನಾಲ್ಕನೆಯ ಕಡೆ ರಸ್ತೆ. ಪಡುವಲ ಹೊಲವನ್ನು ಈಗ ಯಾರು ಉಳುತ್ತಾರೆಂದು ಕೇಳಿದೆ. ಯಾರೋ ಪಾಲಿಗೆ ಮಾಡುತ್ತಾರೆ, ಹೆಸರು ಗೊತ್ತಿಲ್ಲ ಎಂದರು.