ಗೋಡೆಯಾಚೆಯ ಸದ್ದು

1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟು ಬಿಟ್ಟವರಿಗಾಗಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಬೇಕಾಗಿದ್ದದ್ದು ಗಾಳಿ, ಬೆಳಕು. ಕೇಳದೆಯೇ ನಿಶ್ಶಬ್ದವೂ ದಕ್ಕಿತು. ಬಸವನಗುಡಿಯ ನಮ್ಮತ್ತೆಯ ಮನೆಯ ಗಾರೆ ಗೋಡೆ ಒಂದೂವರೆ ಅಡಿ ದಪ್ಪ. ಗೋಡೆ ಭಾರವಾದಷ್ಟೂ ಸದ್ದು ಒಳಗೆ ಬರುವುದು ಕಡಿಮೆ.

ಪಕ್ಕದ ಹಳೆಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟತೊಡಗಿದರು. ರಾತ್ರಿ ಹನ್ನೊಂದಾದರೂ ಕಬ್ಬಿಣ ಕತ್ತರಿಸುವ ಸದ್ದು. ಕಾಯಿಲೆಯ ಅತ್ತೆ ಬೆಚ್ಚಿ ಎದ್ದು ಕೂರುತ್ತಿದ್ದರು. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಮಿತಿ. ಅದನ್ನು ಬರೆದುಕೊಂಡು ಹೋದೆ. ಮೇಸ್ತ್ರಿ ಓದಿ, "ನಮಗೂ ನಿದ್ದೆ ಬೇಕು ಟೀಚರಮ್ಮ, ಮಾಲೀಕರಿಗೆ ಹೇಳಿ" ಎಂದ. ಹೇಳಿದೆ. ಹತ್ತಕ್ಕೆ ಕೆಲಸ ನಿಲ್ಲತೊಡಗಿತು. ಅತ್ತೆ ತಮ್ಮ ಕೊನೆಯ ತಿಂಗಳುಗಳಲ್ಲಿ ನಿದ್ದೆ ಕಂಡರು.

ಈಗ ಆ ಕಟ್ಟಡದಲ್ಲಿರುವ ಗೆಳತಿಗೆ ಪಕ್ಕದವರ ಮಿಕ್ಸಿ, ಮಾತು ಎಲ್ಲ ಕೇಳುತ್ತದಂತೆ, ನಾಲ್ಕಿಂಚಿನ ಗೋಡೆ. ಗೋಡೆಯ ಈಚೆ ಸದ್ದು ಮಾಡಿ, ಆಚೆ ಎಷ್ಟು ಇಳಿಯಿತೆಂದು ಅಳೆಯುವ ಪರೀಕ್ಷೆಯಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸದ್ದು ತಡೆಯುವುದಕ್ಕೆಂದೇ ಒಂದು ಭಾಗವಿದೆ. ಮನೆ ಕೊಳ್ಳುವಾಗ ನಾವು ಟೈಲ್ಸು, ನಲ್ಲಿ ನೋಡುತ್ತೇವೆ. ಒಮ್ಮೆ ಗೋಡೆಯನ್ನೂ ತಟ್ಟಿ ಕೇಳಬಾರದೇ?